ದಿನಕ್ಕೊಂದು ಬೆರಳು

19 ನವೆಂಬರ್ 2018, ಸೋಮವಾರ
ಲಿಂಗಪೂಜಾ ಆಯ್ತು. ಪೋಸ್ಟಿನ ಮಶೀನಿಗೂ ವಿಭೂತಿ ಹಚ್ಚಿದೆ — ಬೆರಳು ಇಡೋ ಗಾಜಿನ ಮ್ಯಾಲ ಮೂರು ಗೆರಿ. ಅದು ಬಂದಾಗಿಂದ ಸೋಮವಾರಕ್ಕೊಮ್ಮೆ ತಪ್ಪಿಲ್ಲ. ಪಡಸಾಲಿ ಬಾಗಿಲಾ ತಗದು ಕೂತೆ. ಪಡಸಾಲಿನೇ ಪೋಸ್ಟಾಫೀಸು, ನಾನೇ ಪೋಸ್ಟಮಾಸ್ತರು. ಒಳಗೂ ನಾನೊಬ್ಬಾಕಿ.

ಮಳಿ ಇಲ್ಲ. ಅರ್ಧ ಊರು ಹೈದ್ರಾಬಾದಿಗೆ ಹೋಗ್ಯದ, ಕಟ್ಟಡದ ಕೆಲ್ಸಕ್ಕ. ಉಳದವರು ಮುದುಕಿಯರು.

ಸುಭದ್ರಾಬಾಯಿ ಪೆನ್ಶನ್‌ಗೆ ಬಂದಿದ್ದಳು. ಊರ ಹೊರಗಿನ ಭೀಮನಗರದಾಕಿ. ಮೆಟ್ಟಲದಾಗೇ ನಿಂತು ಕೈ ಚಾಚಿದಳು. ಬೆರಳು ಹತ್ತಲಿಲ್ಲ, ಮಶೀನು ಗುರುತು ಹಿಡೀಲಿಲ್ಲ. ಹೋದ ತಿಂಗಳು ಹತ್ತಿತ್ತು.
"ಜ್ವಾಳಾ ಕೊಯ್ದು ಬೆರಳು ಸವದಾವ್ರಿ," ಅಂದೆ.
"ಸವದಿಲ್ರಿ ಪೋಸ್ಟಿನಬಾಯಿ. ನಿಮ್ಮ ಓಣಿ ಮಶೀನಲ್ಲಾ... ನಮ್ಮ ಕೈ ಆಗಂಗಿಲ್ಲ ಅದಕ್ಕ."
ನಕ್ಕಳು. ನನಗ ನಗು ಬರಲಿಲ್ಲ.

4 ಡಿಸೆಂಬರ್
ಎಲ್ಲಾರ ಬೆರಳೂ ಹಂಗೇ ಆಗ್ಯಾವ. ಬಸ್‌ಸ್ಟಾಂಡ್ ಹಂತ್ಯಾಕ ಬದ್ರೋದ್ದೀನನ ಆನ್‌ಲೈನ್ ಅಂಗಡಿಗೆ ಹೊಂಟಾರ. ಅಲ್ಲಿ ಹತ್ತತಾವಂತ. ಚಹಾನೂ ಕುಡಸ್ತಾನಂತ.

ಔರಾದದಿಂದ ಮನ್ಮಥಪ್ಪ ಬಂದಿದ್ದ, ನಮ್ಮ ಪೋಸ್ಟುಗಳ ಮ್ಯಾಲಿನ ದೇಖರೇಖಿ ಅವಂದೇ. "ಅಕ್ಕಾರ, ದಿನಾ ಒಂದಾದ್ರೂ ವ್ಯವಹಾರ ಮಶೀನದಾಗ ಕಾಣ್ಬೇಕ್ರಿ. ಇಲ್ಲಂದ್ರ ಮಾರ್ಚಿಗೆ ಈ ಪೋಸ್ಟ್ ಮಗ್ಗಲದ ಊರಿಂದಕ್ಕ ಜೋಡಸೋ ಮಾತು ನಡದದ."
ಇದೂ ಹೋದ್ರ ಈ ಬಾಗಿಲಾ ಯಾರ ಸಲುವಾಗಿ ತಗೀಲಿ?

22 ಜನವರಿ 2019
ಮಶೀನು ಚೀಲದಾಗಿಟ್ಟು ತೋರಸ್ಲಿಕ್ಕ ಬೀದರಕ್ಕ ಹೋದೆ. ಬಸ್ಸಿನ್ಯಾಗ ಜನವಾಡದ ತನಕ ನಿಂತೇ ಇದ್ದೆ. ಗಾಂಧಿ ಗಂಜದಾಗ ಹಮಾಲರು ಖಾಲಿ ಕೈಗಾಡಿ ಮ್ಯಾಲ ಮಲಗಿದ್ರು.

ದೊಡ್ಡ ಪೋಸ್ಟಿನ್ಯಾಗ ಒಬ್ಬ ಹುಡುಗಿ ಗಾಜು ಉಗುರಲೆ ಕೆರೆದಳು. ಪದರ ಕಟ್ಟಿದ್ದ ಬೆಳ್ಳನ ಪುಡಿ ಉದುರ್ತು.
"ಆಂಟಿ, ಸುಣ್ಣ ಏನ್ರಿ?"
"ವಿಭೂತಿ."
ಆಕಿ ಹಸಿ ಅರಬಿಲೆ ಒರಸಿದಳು. ನನ್ನ ಬೆರಳಿಟ್ಟೆ. ಒಮ್ಮಿಗೇ ಹತ್ತಿತು.
ಬಸ್ಸಿನ್ಯಾಗ ಇಡೀ ದಾರಿ ಕಿಡಕಿ ಕಡಿ ಮಾರಿ ಮಾಡಿ ಕೂತೆ.

23 ಜನವರಿ
ಮಶೀನು ಸುದ್ದಾಗ್ಯದ ಅಂತ ಹೇಳ್ಲಿಕ್ಕ ಮನಿ ಮನಿ ತಿರುಗಿದೆ. ಬೀಗ, ಬೀಗ. ಪೆನ್ಶನ್‌ಗೆ ಬರ್ತಿದ್ದ ಮೀರಾಬಾಯಿ ಮನಿನೂ. ಇಲ್ಲಿ ಬೆರಳು ಹತ್ತವಲ್ದು, ಪೆನ್ಶನ್ ಅಲ್ಲೇ ತಗಸೋಣ ಅಂತ ಮಗ ಹೈದ್ರಾಬಾದಿಗೆ ಒಯ್ದಾನಂತ.

ಸುಭದ್ರಾಬಾಯಿ ಇದ್ದಳು. "ತಪ್ಪು ನಿಮ್ಮ ಬೆರಳಿಂದಲ್ರಿ, ನನ್ನ ವಿಭೂತಿದು," ಅಂದೆ.
ಭಾಳೊತ್ತು ನಕ್ಕಳು. "ಅಂದ್ರ ನಿಮ್ಮ ದೇವ್ರೇ ಅಡ್ಡ ಕೂತಿದ್ದ." ಆಮ್ಯಾಗ, "ಬದ್ರೋದ್ದೀನ ಚಹಾ ಕುಡಸ್ತಾನ. ನೀವ್ರಿ?"
"ನಾನೂ ಕುಡಸ್ತೇನಿ."
"ಒಳಗ ಕೂಡಿಸಿ?"
ಬಸವಣ್ಣನ ಹೆಸರು ದಿನಾ ಹೇಳಾಕಿ ನಾನು. ಮಾತು ಹೊಂಡ್ಲಿಕ್ಕ ಹೊತ್ತಾಯ್ತು.
"ಒಳಗ ಕೂಡಿಸಿ," ಅಂದೆ.

11 ಫೆಬ್ರುವರಿ
ದಿನಾ ಬರ್ತಾಳ. ಒಂದಿನ ಚೂರು ರೊಕ್ಕಾ ತಗೀತಾಳ, ಒಂದಿನ ಉಳದದ್ದು ತಂದು ಇಡ್ತಾಳ. "ಒಮ್ಮಿಗೇ ತಗದ್ರ ಮೊಮ್ಮಗ ಕಸಗೊಳ್ತಾನ್ರಿ." ಚಹಾ ಕುಡದು, ಸಕ್ಕರಿ ಕಮ್ಮಿ ಅಂತ ಹೆಸರಿಟ್ಟು ಹೋಗ್ತಾಳ. ದಿನಕ್ಕೊಂದು ಬೆರಳು. ಮತ್ಯಾರೂ ಇಲ್ಲ.

ಭಾಲ್ಕಿಗೆ ಕೊಟ್ಟ ಮಗಳ ಫೋನು. "ಅಲ್ಲೇನದ ಅವ್ವ, ಇಲ್ಲೇ ಬಾ."
"ಪೋಸ್ಟ್ ಅದ," ಅಂದೆ.

18 ಮಾರ್ಚ್, ಮಧ್ಯಾಹ್ನ
ಊರ ಬೋರು ಬತ್ತಿ ಎಂಟು ದಿನ. ಸುಭದ್ರಾಬಾಯಿನ್ನ ಹೈದ್ರಾಬಾದಿಗೆ ಒಯ್ಲಿಕ್ಕ ಆಕಿ ಮಗ ಗೋರಖನಾಥ ಟೆಂಪೋ ತಂದಿದ್ದ. ಆಕಿನೇ ಹೇಳಿ ನಮ್ಮ ಬಾಗಿಲ ಮುಂದ ನಿಲ್ಲಿಸ್ಯಾಳ. ಇಳದು ಬಂದು ಬೆರಳಿಟ್ಟಳು.
"ಪೂರಾ ತಗೀಲೇನ್ರಿ?" ಅಂದೆ.
"ಪೂರಾ ಯಾಕ? ಇರ್ಲಿ ಸ್ವಲ್ಪ. ನಾ ತಿರುಗಿ ಬರಂಗಿಲ್ಲಂತ ತಿಳದೀರೇನು?"
ಮಗ ಹಾರ್ನು ಹೊಡದ. ಚಹಾ ಅರ್ಧಾ ಬಿಟ್ಟು ಹೋದಳು.

19 ಮಾರ್ಚ್, 11 ಗಂಟೆ
ಮನ್ಮಥಪ್ಪನ ಫೋನು. "ಭಾಲ್ಕಿಯಿಂದ ಇನ್ಸ್‌ಪೆಕ್ಟರ್ ಸಾಹೇಬ್ರು ಹೊಂಟಾರ್ರಿ. ಇವತ್ತಿನ ವ್ಯವಹಾರ ಆಗ್ಯದೇನು?"
"ಇನ್ನಾ ಇಲ್ಲ."
"ನಿಮ್ಮದೇ ಖಾತಾದಾಗ ಹತ್ತು ರೂಪಾಯಿ ಹಾಕಿ ತಗೀರಿ ಅಕ್ಕಾರ. ಯಾರು ಕೇಳ್ತಾರ?"
"ಬರಲಾರದವರನ್ನ ಬಂದಾರಂತ ತೋರಸೋದು ನನಗ ಆಗಂಗಿಲ್ಲಪ್ಪ."
ಮಶೀನು ಚಾಲೂ ಅದ. ಓಣಿ ಆ ತುದಿ ತನಕ ಕಾಣ್ತದ, ಬಿಸಿಲಷ್ಟೇ. ಮುಂಜಾನಿಂದ ಬಾಯಾಗ ನೀರ ಹಾಕಿಲ್ಲ. ಕೊಡ ಒಳಗ ಅದ. ಎದ್ದು ಹೋಗಿ ಕುಡದು ಬರಬೇಕು, ಆದ್ರ ಅಷ್ಟೊತ್ತಿನ್ಯಾಗ ಯಾರರ ಬಂದು, ಪೋಸ್ಟ್ ಖಾಲಿ ಅದ ಅಂತ ತಿರುಗಿ ಹೋದ್ರ...