ಇನ್ನು ದೀಪ ಮಂಕಾಗುವುದಿಲ್ಲ

ತಮ್ಮಾ ಲಝ್ಹರ್,

ತೊಝರ್ ಊರಿಗೆ ಹೋಗುವ ನನ್ನ ಬಸ್ಸಿಗೆ ಹೊತ್ತಾಯಿತು, ನಿನ್ನನ್ನು ಎಬ್ಬಿಸಲು ಮನಸ್ಸಾಗಲಿಲ್ಲ.

ಇವತ್ತು ಎಲೆಕ್ಟ್ರಿಷಿಯನ್ ಮಂಸೂರ್ ಬಂದು ಬಾವಿಯ ಮೋಟಾರಿಗೆ ಹೊಸ ಸ್ಟಾರ್ಟರ್ ಕೂರಿಸುತ್ತಾನೆ. ನೀನು ಹೇಳಿದ, ಮೋಟಾರನ್ನು ಮೆಲ್ಲಗೆ ಶುರುಮಾಡುವ ಸಾಫ್ಟ್ ಸ್ಟಾರ್ಟರನ್ನೇ ಹಾಕಿಸು, ನಾನು ಇನ್ನು ಅಡ್ಡ ಬರುವುದಿಲ್ಲ. ಅಪ್ಪನ ಕಾಲದ ಹಾಗೆ ಒಂದೇ ಏಟಿಗೆ ಪೂರ್ತಿ ಕರೆಂಟು ಕೊಟ್ಟರೆ ಪೈಪಿನ ಜೋಡಣೆ ಮತ್ತೆ ಬಿಟ್ಟುಹೋಗುತ್ತದೆ. ಖರ್ಜೂರದ ಮರಗಳು ಇನ್ನೊಂದು ಸಲ ನೀರಿಲ್ಲದೆ ತಡೆಯಲಾರವು.

ಅದರ ಬದಲು ಸ್ಟಾರ್-ಡೆಲ್ಟಾ ಎಂಬ ಇನ್ನೊಂದು ಬಗೆಯ ಸ್ಟಾರ್ಟರ್ ಹಾಕಿದರೆ ಅಡುಗೆಮನೆಯ ದೀಪ ಸ್ವಲ್ಪವಾದರೂ ಮಂಕಾಗುತ್ತದೆಯೇ ಎಂದು ಮಂಸೂರ್‌ನನ್ನು ಕೇಳಿದ್ದೆ. “ದೀಪ ಮಂಕಾಗ್ಲಿ ಅಂತ ಸ್ಟಾರ್ಟರ್ ಆರಿಸೋರನ್ನ ಇವತ್ತೇ ನೋಡಿದ್ದು ಕಣಕ್ಕಾ” ಎಂದು ನಕ್ಕ. ಅವನಿಗೇನು ಗೊತ್ತು.

ಅಮ್ಮನಿಗೆ ಕಿವಿ ಹೋದ ಮೇಲೆ ಮೋಟಾರಿನ ಸದ್ದು ಕೇಳುತ್ತಿರಲಿಲ್ಲ. ಸಂಜೆ ಮೋಟಾರು ಕರೆಂಟು ಎಳೆದು ದೀಪ ಒಮ್ಮೆ ಮಂಕಾದರೆ, ಅಪ್ಪ ತೋಟಕ್ಕೆ ನೀರು ಬಿಟ್ಟರೆಂದು ಚಹಾಕ್ಕೆ ಇಡುತ್ತಿದ್ದಳು. ಅಪ್ಪ ಹೋದ ಮೇಲೆ ನೀನು ಮೋಟಾರು ಹಾಕಿದಾಗಲೂ ಇಡುತ್ತಿದ್ದಾಳೆ. ನೀನು ಅದನ್ನು ಕುಡಿಯದೆ ಹೊರಗಿಂದ ಹೊರಗೇ ಹೋಗಿಬಿಡುತ್ತೀಯ. ಬೈಯಬೇಕೆಂದಿದ್ದೆ, ಇರಲಿ.

ಇನ್ನು ಆ ದೀಪ ಮಂಕಾಗುವುದಿಲ್ಲ. ಅವಳು ಅದನ್ನೇ ನೋಡುತ್ತ ಕೂರುವ ಹಾಗೆ ಮಾಡಬೇಡ. ಮೋಟಾರು ಹಾಕಿದ ಕೂಡಲೇ, ಕೆಸರು ಕಾಲಾದರೂ ಸರಿ, ಒಳಗೆ ಬಂದು ಅವಳ ಭುಜ ಮುಟ್ಟಿ ತಿಳಿಸು.

ಚಹಾಕ್ಕೆ ಹಾಕುವ ಪುದೀನ ಕಿಟಕಿಯ ಹತ್ತಿರ ಒದ್ದೆ ಬಟ್ಟೆಯಲ್ಲಿದೆ. ಅವಳು ಈಗಲೂ ಎರಡು ಲೋಟ ತೊಳೆದಿಡುತ್ತಾಳೆ. ಎರಡನೆಯದನ್ನು ನೀನು ಕುಡಿ, ಅಲ್ಲೇ ಕೂತು.

ಮಬ್ರೂಕಾ