ಮೂರು ದಿನದ ಅತ್ತೆ

ಮನೆಯಿಂದ
ಭಾನುವಾರ, ೧೪ನೇ ತಾರೀಖು

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಹಡಗಿನ ಅಡುಗೆಮನೆಯಲ್ಲಿ ದಿನವಿಡೀ ನಿಂತೇ ಇರಬೇಡ, ಆಗಾಗ ಒಂದು ಸ್ಟೂಲು ಎಳೆದುಕೊಂಡು ಕೂತುಕೋ. ಅಮ್ಮ ಚೆನ್ನಾಗಿದ್ದಾಳೆ. ಮಹಡಿ ಹತ್ತುವಾಗ ಮಾತ್ರ ಮಂಡಿ ಹಿಡಿದುಕೊಂಡು, ಮೆಟ್ಟಿಲು ಕಟ್ಟಿಸಿದವರಿಗೆ ಮಂಗಳಾರತಿ ಮಾಡುತ್ತಾಳೆ. ಕಟ್ಟಿಸಿದ್ದು ಅಪ್ಪನೇ ಎಂಬುದು ಆಗ ನೆನಪಿರುವುದಿಲ್ಲ. ಇವರೂ ಆರಾಮ.

ಇನ್ನು ಮನೆಯ ವಿಷಯ. ಹೊಳೆಯ ನೀರು ಎಲ್ಲಿಯವರೆಗೆ ಏರಬಹುದು ಎಂದು ನಗರಸಭೆಯವರು ಹೊಸದಾಗಿ ಅಳೆದು ನಕ್ಷೆ ಮಾಡಿದ್ದಾರೆ. ಹಳೆಯದರಲ್ಲಿ ನೀಲಿ ಬಣ್ಣ ಬೇಕರಿಯ ಹತ್ತಿರವೇ ನಿಂತಿತ್ತು, ಈಗ ನಮ್ಮ ಮನೆಯನ್ನೂ ದಾಟಿ ಹಿಂದಿನ ಬೀದಿಗೆ ಹೋಗಿದೆ. ಮನೆ ಕಟ್ಟುವಾಗ ಅಪ್ಪ ಒಂದು ನೀಲಿನಕ್ಷೆ ಮಾಡಿಸಿದ್ದರು, ಇದು ಇನ್ನೊಂದು ನೀಲಿ ನಕ್ಷೆ. ಮುಂದಿನ ತಿಂಗಳಿಂದ ನೀಲಿಯೊಳಗಿನ ಮನೆಗಳಲ್ಲಿ ಕೆಳಗಡೆ ಹೊಸದಾಗಿ ಅಂಗಡಿ ಇಡುವಂತಿಲ್ಲ, ಗಾಡಿ ನಿಲ್ಲಿಸಬಹುದು ಅಷ್ಟೇ. ವಿಮೆಯ ಕಂತು ನಾಲ್ಕು ಪಟ್ಟಾಗುತ್ತದಂತೆ. ಕೆಳಗಿಟ್ಟ ಸಾಮಾನು ಹಾಳಾದರೆ ಏನೂ ಕೊಡುವುದಿಲ್ಲ ಎಂದು ಏಜೆಂಟರು ಕಡ್ಡಿ ಮುರಿದಂತೆ ಹೇಳಿದರು. ಅಷ್ಟರೊಳಗೆ ಮಾರಿ ಕೈತೊಳೆದುಕೊಳ್ಳೋಣ ಎಂದು ಇವರಿಗೆ ಅವಸರ.

ಕೊಳ್ಳುವವಳು ಗುಡ್ಡದ ಮೇಲಿನ ಬಡಾವಣೆಯ ಟೈಲರಮ್ಮ. ಕೆಳಗೆ ಹೊಲಿಗೆ ಅಂಗಡಿ, ಮೇಲೆ ಮನೆ ಎಂದು ಲೆಕ್ಕ ಹಾಕಿದ್ದಾಳೆ. ನಕ್ಷೆಯ ಸುದ್ದಿ ಅವಳ ಕಿವಿಗೆ ಬಿದ್ದಿಲ್ಲ. ಆದರೂ ಹುಷಾರಿ, ಕೊರಳಲ್ಲಿ ಟೇಪು ಹಾಕಿಕೊಂಡೇ ಬಂದವಳು ಮೊದಲು ಕೇಳಿದ್ದು "ಇಲ್ಲಿ ನೀರು ಬರುತ್ತಾ?" ಎಂದು. ಇವರು ಏನೂ ಅರಿಯದವರಂತೆ "ದಿನಾ ಬರುತ್ತೆ, ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ" ಎಂದರು. "ನಲ್ಲಿ ನೀರಲ್ಲ ಸಾರ್, ಹೊಳೆ ನೀರು" ಎಂದಳು. ಆಗ ಅಮ್ಮ ಬಾಯಿ ಹಾಕಿದಳು: "ಅತ್ತೆ ಬಂದಾಗ ಸ್ವಲ್ಪ ತೊಂದ್ರೆ ಕಣಮ್ಮ, ಮಿಕ್ಕಂತೆ ಏನಿಲ್ಲ."

ಮೊದಲ ಸಲ ನೀರು ಒಳಗೆ ನುಗ್ಗಿದಾಗ ನಾವು ಹೆದರಬಾರದೆಂದು ಅಪ್ಪ, "ನಿಮ್ಮತ್ತೆ ಬಂದಿದ್ದಾಳೆ, ಮೂರು ದಿನ ಇದ್ದು ಹೋಗ್ತಾಳೆ" ಎಂದಿದ್ದರಲ್ಲ, ಆವತ್ತಿನಿಂದ ನೆರೆಗೆ ಅಮ್ಮನ ಬಾಯಲ್ಲಿ ಬೇರೆ ಹೆಸರೇ ಬರುವುದಿಲ್ಲ. ಅವಳು ನಿಜವನ್ನೇ ಹೇಳಿದಳು. ಟೈಲರಮ್ಮನಿಗೆ ಅದು ಹೇಗೆ ಗೊತ್ತಾಗಬೇಕು? "ಅತ್ತೇರು ಬಂದ್ರೆ ಯಾರಿಗ್ ತೊಂದ್ರೆ ಇಲ್ಲ ಹೇಳಿ! ಎಷ್ಟು ದಿನ ಇರ್ತಾರೆ?" ಎಂದಳು. "ಮೂರು ದಿನ" ಎಂದಳು ಅಮ್ಮ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು.

ಮೆಷಿನ್‌ಗಳನ್ನು ಎಲ್ಲಿಡಲಿ ಎಂದು ಕೇಳಿದಾಗ ಕಿಟಕಿ ಪಕ್ಕದ ಗೋಡೆ ತೋರಿಸಿದ್ದೂ ನಾನೇ. ಅಲ್ಲಿ ಸೊಂಟದ ಎತ್ತರಕ್ಕೆ ನೀರಿನ ಗುರುತಿತ್ತಲ್ಲ, ಈಗ ಬಣ್ಣ ಹೊಡೆಸಿದ್ದೇವೆ. ಹೊರಡುವಾಗ ಅವಳು ಅಮ್ಮನ ಕೈ ಹಿಡಿದು, "ನಾನು ಬಂದ್ಮೇಲೂ ಅತ್ತೇರನ್ನ ಕಳ್ಸಿಕೊಡಿ, ಒಂದು ಲೋಟ ಟೀ ಕುಡ್ಕೊಂಡು ಹೋಗ್ಲಿ" ಎಂದಳು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ ಅಣ್ಣಾ. ಆದರೂ ಬಾಯಿ ಬಿಡಲಿಲ್ಲ.

ಇವರು ಹೇಳುವುದರಲ್ಲೂ ಸುಳ್ಳಿಲ್ಲ. ನಕ್ಷೆ ಜಾರಿಯಾದ ಮೇಲೆ ಈ ಮನೆಯನ್ನು ಯಾರೂ ಮೂಸಿಯೂ ನೋಡುವುದಿಲ್ಲ, ಅಮ್ಮನ ಮಂಡಿಗೆ ಮೆಟ್ಟಿಲಿಲ್ಲದ ಮನೆ ಬೇಕೇ ಬೇಕು. ಮನೆ ನಮ್ಮಿಬ್ಬರ ಹೆಸರಿನಲ್ಲಿರುವುದರಿಂದ ನಿನ್ನ ಸಹಿಯೊಂದು ಬಾಕಿ. ಕಾಗದಗಳನ್ನು ಇದರ ಜೊತೆಗೇ ಇಟ್ಟಿದ್ದೇನೆ. ನನ್ನ ಸಹಿ ಆಗಿದೆ.

ಅಮ್ಮನ ಆಶೀರ್ವಾದ, ಇವರ ನಮಸ್ಕಾರ. ಹಡಗಿಗೆಲ್ಲ ಬಡಿಸಿ ನೀನು ಹಸಿದುಕೊಂಡು ಮಲಗಬೇಡ.

ನಿನ್ನ ತಂಗಿ

ತಾ.ಕ.: ಸಹಿ ಹಾಕಬೇಡ. ಟೈಲರಮ್ಮ ಈಗಿರುವ ಅಂಗಡಿಯನ್ನು ತಿಂಗಳ ಕೊನೆಗೆ ಬಿಟ್ಟುಕೊಡುತ್ತಾಳೆ, ಅದಕ್ಕೆ ಮೊದಲೇ ಇವರಿಗೆ ಫೋನ್ ಮಾಡು. ಅಪ್ಪ ಕಟ್ಟಿಸಿದ ಮನೆ, ಮಾರಲು ಮನಸ್ಸಿಲ್ಲ ಎಂದುಬಿಡು, ಇವರು ಕೂಗಾಡಿದರೆ ಕೂಗಾಡಲಿ. ನನ್ನ ಹೆಸರು ಮಾತ್ರ ಎತ್ತಬೇಡ. ಇಷ್ಟು ಬರೆಯುವುದಕ್ಕೂ ಕೋಣೆಯ ಚಿಲಕ ಹಾಕಿಕೊಂಡು ಕೂತಿದ್ದೇನೆ.