ಸಗಟು ಕರೆಂಟಿನಲ್ಲಿ ಕಳೆದುಹೋದ ಒಂದು ಹೆಸರು

ಮಾನ್ಯರೇ,

ಪಶ್ಚಿಮ ಲಂಡನ್ನಿನ ನಮ್ಮ ಸ್ಥಳೀಯ ಕೌನ್ಸಿಲ್ಲಿನ ವಿದ್ಯುತ್ ಖರೀದಿ ವಿಭಾಗದ ಮುಖ್ಯಸ್ಥರಾದ ತಾವು ನಿವಾಸಿಗಳೆಲ್ಲರ ಪರವಾಗಿ ಸಗಟಿನಲ್ಲಿ ಕರೆಂಟು ಕೊಂಡಿರಿ. ಕೊಳ್ಳುವ ಭರದಲ್ಲಿ ನನ್ನ ಹೆಂಡತಿಯ ಹೆಸರನ್ನು ಕಳೆದಿರಿ. ನನ್ನ ದೂರು ಇಷ್ಟೇ. ಬೇಡವೆಂದು ಬರೆದು ತಿಳಿಸದವರೆಲ್ಲ ಒಪ್ಪಿದಂತೆ ಎಂದು ತಮ್ಮ ಪತ್ರ ಹೇಳಿತ್ತು. ಮೌನವೇ ಸಮ್ಮತಿ ಎಂಬುದನ್ನು ನಮ್ಮ ಕಡೆ ಈಗ ಹೆಣ್ಣು ನೋಡಲು ಬಂದವರೂ ನಂಬುವುದಿಲ್ಲ. ತಾವು ಅದನ್ನೇ ನಂಬಿ ಸಾವಿರಾರು ಮನೆಗಳನ್ನು ಹೊಸ ಕಂಪನಿಗೆ ದಾಟಿಸಿದಿರಿ, ಹೊಸ ಯೋಜನೆಯ ಹಸಿರು ಫಲಕದ ಮುಂದೆ ನಿಂತು ಫೋಟೋ ತೆಗೆಸಿಕೊಂಡಿರಿ.

ನನ್ನ ಹೆಂಡತಿ ಸುಜಾನ್‌ಗೆ ಶ್ವಾಸಕೋಶದ ಕಾಯಿಲೆ. ಏಳನೆಯ ಮಹಡಿಯ ನಮ್ಮ ಫ್ಲ್ಯಾಟಿನಲ್ಲಿ ದಿನವಿಡೀ ಆಕ್ಸಿಜನ್ ಯಂತ್ರದ ಕೊಳವೆ ಮೂಗಿಗೆ ಹಾಕಿಕೊಂಡೇ ಇರುತ್ತಾಳೆ. ಯಂತ್ರ ನಡೆಯುವುದು ಕರೆಂಟಿನಿಂದ. ಇಂಥವರ ಪಟ್ಟಿಯೊಂದು ಹಳೆಯ ಕಂಪನಿಯಲ್ಲಿತ್ತು. ದುರಸ್ತಿಗೆ ಕರೆಂಟು ತೆಗೆಯುವ ಮೂರು ದಿನ ಮೊದಲೇ ಫೋನ್ ಬರುತ್ತಿತ್ತು. ನಾನು ಅವಳನ್ನು ಹತ್ತಿರದ ಹ್ಯಾರೋದಲ್ಲಿರುವ ನನ್ನ ತಂಗಿಯ ಮನೆಗೆ ಕರೆದೊಯ್ಯುತ್ತಿದ್ದೆ. ಮನೆಗಳು ದಾಟಿದವು, ಪಟ್ಟಿ ದಾಟಲಿಲ್ಲ.

ಮಾರ್ಚ್ ತಿಂಗಳ ಒಂದು ಮಂಗಳವಾರ ಬೆಳಗ್ಗೆ ಹತ್ತಕ್ಕೆ, ಫೋನೂ ಇಲ್ಲದೆ, ದುರಸ್ತಿಗೆಂದು ಕರೆಂಟು ತೆಗೆದರು. ಯಂತ್ರ ನಿಂತಿತು. ಲಿಫ್ಟೂ ನಿಂತಿತು. ತುರ್ತಿಗೆಂದು ಇಟ್ಟಿದ್ದ ಸಿಲಿಂಡರ್ ತೆರೆದು ತಮ್ಮ ಕಚೇರಿಗೆ ಫೋನ್ ಮಾಡಿದೆ. ನಲವತ್ತು ನಿಮಿಷ ಸಂಗೀತ ಕೇಳಿಸಿದ ಮೇಲೆ ಒಬ್ಬರು, “ನಾವು ಕೊಳ್ಳುವವರು ಮಾತ್ರ, ಕಂಪನಿಯನ್ನು ಕೇಳಿ” ಎಂದರು. ಕಂಪನಿಯವರು, “ಕಾಯಿಲೆಯ ವಿಷಯ ಕೌನ್ಸಿಲ್ ನಮಗೆ ತಿಳಿಸಿಲ್ಲ” ಎಂದರು. ಸಿಲಿಂಡರಿನ ಮುಳ್ಳು ಇಳಿಯುತ್ತಿತ್ತು. ನನ್ನ ಕೂಗಾಟ ಕೇಳಿ ಎದುರು ಮನೆಯ ಧಾರವಾಡದ ಡಾಕ್ಟರ್ ಕಲ್ಯಾಣಿ ಬಂದರು. ಆಂಬುಲೆನ್ಸ್ ಕರೆಸಿದವರು ಅವರೇ.

“ಆಂಟಿನ್ನ ಮಾತಾಡಸಬ್ಯಾಡ್ರಿ ಅಂಕಲ್, ಉಸಿರು ಉಳೀಲಿ,” ಎಂದರು.

“ಮಾತಾಡುವುದು ನಾನಲ್ಲ ಮಾರಾಯ್ತಿ, ಇವರು,” ಎಂದಳು ಸುಜಾನ್. ಆಮೇಲೆ ಎರಡು ದಿನ ಅವಳಿಗೆ ಮಾತಾಡುವಷ್ಟು ಉಸಿರಿರಲಿಲ್ಲ.

ಏಳು ಮಹಡಿಯ ಮೆಟ್ಟಿಲಲ್ಲಿ ಅವಳನ್ನು ಕುರ್ಚಿಗೆ ಕಟ್ಟಿ ಇಳಿಸಿದರು. ಹದಿನಾಲ್ಕು ದಿನ ಆಸ್ಪತ್ರೆ. ಬದುಕಿ ಬಂದಳು. ಮೊದಲು ಅಡುಗೆಮನೆಯವರೆಗೆ ನಡೆದು ತಾನೇ ಮೀನಿನ ಸಾರಿಗೆ ಉಪ್ಪು ನೋಡುತ್ತಿದ್ದವಳು ಈಗ ಮಂಚದಿಂದ ಕುರ್ಚಿಗೆ ಬಂದರೆ ಸುಸ್ತಾಗುತ್ತಾಳೆ. ಇದನ್ನು ಬರೆದು ತಿಳಿಸಿದ್ದಕ್ಕೆ ತಮ್ಮ ಕಚೇರಿಯ ಉತ್ತರ ಒಂದೇ ಸಾಲು: ಖರೀದಿ ನಿಯಮಾನುಸಾರ ನಡೆದಿದೆ. ಹೌದು, ಇರಬಹುದು. ಹೊಗಳಿಕೆಗೆ ಕೌನ್ಸಿಲ್, ಉತ್ತರಕ್ಕೆ ಕಂಪನಿ ಎಂಬುದೂ ಆ ನಿಯಮದಲ್ಲೇ ಇದೆಯೇ? ಯಾರ ಮನೆಯಲ್ಲಿ ಏನು ನಡೆಯುತ್ತಿದೆ ಎಂದು ತಿಳಿಯದ ತಾವು ಯಾರ ಪರವಾಗಿ ಕೊಂಡಿರಿ?

ತಮ್ಮ ಕ್ಷಮೆ ನನಗೆ ಬೇಡ. ಯಂತ್ರವನ್ನು ನಂಬಿ ಬದುಕಿರುವವರ ಪಟ್ಟಿಯನ್ನು ಈ ತಿಂಗಳೊಳಗೆ ಬಾಗಿಲು ಬಾಗಿಲಿಗೆ ಹೋಗಿ ಹೊಸದಾಗಿ ಬರೆದುಕೊಳ್ಳಿ. ಸಹಾಯಕರನ್ನು ಅಟ್ಟಬೇಡಿ, ತಾವೇ ಹೋಗಿ. ಅದು ಮುಗಿಯುವವರೆಗೆ ಮುಂದಿನ ಖರೀದಿಗೆ ಸಹಿ ಹಾಕಬೇಡಿ.

ಇಂತಿ,
ತಮ್ಮ ಪತ್ರವನ್ನು ಎರಡು ಸಲ ಓದಿ, ಕೌನ್ಸಿಲ್ಲಿನವರು ಒಳ್ಳೆಯದನ್ನೇ ಮಾಡುತ್ತಾರೆಂದು ಹೆಂಡತಿಗೆ ಹೇಳಿ, ಮಡಚಿಟ್ಟ ಮೂರ್ಖ,
ಓಸ್ವಿನ್ ಮಥಾಯಸ್
ಪಶ್ಚಿಮ ಲಂಡನ್